ನೀರಿನ ವರದಿ ಊರಿನ ಗೋಡೆಗೆ ಬರಲಿ

ಔರಾದ್ ತಾಲ್ಲೂಕಿನ ಹಳ್ಳಿಗಳಲ್ಲಿ ಮಾರ್ಚ್ ಕಳೆಯಿತೆಂದರೆ ಮಾತೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ‘ನಳಕ್ಕ ನೀರ ಬಂತೇನು?’ ಬಂದರೆ ಕೊಡ, ಬಕೆಟ್ಟು, ಪ್ಲಾಸ್ಟಿಕ್ ಡ್ರಮ್ಮು ಎಲ್ಲ ಅಂಗಳಕ್ಕೆ ಇಳಿಯುತ್ತವೆ. ಬಾರದಿದ್ದರೆ ಪಂಚಾಯಿತಿ ಬಾಡಿಗೆಗೆ ಹಿಡಿದ ಬೋರು, ಟ್ಯಾಂಕರು, ಇಲ್ಲವೇ ಯಾರದೋ ಹೊಲದ ಬಾವಿ. ಬಂದ ನೀರಿನಲ್ಲಿ ಏನಿದೆ ಎಂದು ವಿಚಾರಿಸುವಷ್ಟು ಪುರುಸೊತ್ತು ಬಾಯಾರಿದವರಿಗೆ ಇರುವುದಿಲ್ಲ. ಅವರ ಪರವಾಗಿ ಆ ಪ್ರಶ್ನೆ ಕೇಳಬೇಕಾದದ್ದು ಸರ್ಕಾರ. ಬೀದರ್ ಜಿಲ್ಲೆಯಲ್ಲಿ ಸರ್ಕಾರವೂ ‘ಬಂತೇನು’ ಎಂಬಲ್ಲಿಗೇ ನಿಂತುಬಿಟ್ಟಿದೆ.

2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ್ ಮಿಷನ್ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದಿದೆ. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವುದು ಅದರ ಮಾತು. 2024ಕ್ಕೆ ಮುಗಿಯಬೇಕಿದ್ದ ಕೆಲಸದ ಗಡುವು 2028ಕ್ಕೆ ಹೋಗಿದೆ. ಬೀದರ್ ಜಿಲ್ಲೆಯಲ್ಲಿ ಈ ಯೋಜನೆಯ ಬಗ್ಗೆ ಆಗಿರುವ ಜಗಳ ಕಡಿಮೆಯಲ್ಲ. ಸಿಸಿ ರಸ್ತೆ ಅಗೆದು ಹಾಗೇ ಬಿಟ್ಟರು, ಪೈಪು ಮೇಲೆಯೇ ಹೂತರು, ನಳ ನಿಲ್ಲಿಸಿದರು ಆದರೆ ಹನಿ ನೀರಿಲ್ಲ ಎಂಬ ದೂರುಗಳು ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಗಳಲ್ಲಿ ಆಡಳಿತ ಪಕ್ಷದವರಿಂದಲೂ ವಿರೋಧ ಪಕ್ಷದವರಿಂದಲೂ ಬಂದಿವೆ. ದೂರುಗಳು ಸರಿಯೇ. ಆದರೆ ಈ ಜಗಳವೆಲ್ಲ ಪೈಪಿನದು, ಗುತ್ತಿಗೆದಾರನ ಬಿಲ್ಲಿನದು. ಆ ಪೈಪಿನೊಳಗೆ ಹರಿಯುವ ನೀರಿನ ಗುಣ ಎಂಥದು ಎಂಬುದರ ಮೇಲೆ ಒಬ್ಬ ಜನಪ್ರತಿನಿಧಿಯೂ ಮೇಜು ಗುದ್ದಿದ ನೆನಪು ಜಿಲ್ಲೆಗಿಲ್ಲ.

ಯೋಜನೆಯ ನಿಯಮಗಳಲ್ಲಿ ಇದಕ್ಕೂ ದಾರಿಯಿದೆ. ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು, ಪರೀಕ್ಷಾ ಕಿಟ್ ಕೈಗಿತ್ತು, ಊರಿನ ನೀರನ್ನು ಅವರಿಂದಲೇ ಪರೀಕ್ಷೆ ಮಾಡಿಸಬೇಕು. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗಾಲಕ್ಕೆ ಮುನ್ನ ಮತ್ತು ನಂತರ ಒಮ್ಮೊಮ್ಮೆ ಆಗಬೇಕು. ಭಾಲ್ಕಿಯ, ಔರಾದಿನ ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕೂತು ‘ನಿಮ್ಮೂರಿನ ಆ ಐವರು ಯಾರು, ಹೋದ ವರ್ಷ ಏನು ಬಂತು?’ ಎಂದು ಕೇಳಿದರೆ ಎಷ್ಟು ಊರು ಉತ್ತರ ಕೊಟ್ಟೀತು?

ಈ ಪ್ರಶ್ನೆ ಬೀದರಿನಲ್ಲಿ ಬೇರೆ ಕಡೆಗಿಂತ ಹೆಚ್ಚು ಮುಖ್ಯ. ಅದಕ್ಕೆ ಕಾರಣ ನೆಲದಲ್ಲಿಯೇ ಇದೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮೈತುಂಬ ರಂಧ್ರವಿರುವ ಈ ಕಲ್ಲು ಬಿದ್ದ ಮಳೆಯನ್ನು ಹೀರಿ ಕೆಳಕ್ಕೆ ಬಿಡುತ್ತದೆ. ಅದರಡಿಯ ಕರಿಕಲ್ಲು ನೀರನ್ನು ಸುಲಭವಾಗಿ ಬಿಡುವುದಿಲ್ಲ. ಎರಡೂ ಕೂಡುವ ಕಡೆ ನೀರು ಪಕ್ಕಕ್ಕೆ ಸರಿದು ಝರಿಯಾಗಿ ಹೊರಡುತ್ತದೆ. ನಾನಕ್ ಝೀರಾ, ಝರಣಿ ನರಸಿಂಹನ ಗುಹೆ, ಪಾಪನಾಶ ಎಲ್ಲವೂ ಈ ಸೆಲೆಯ ಮಕ್ಕಳು. ಸಿಹಿನೀರಿಗೆ ಪರದಾಡುತ್ತಿದ್ದ ಊರಿನಲ್ಲಿ ಗುರುನಾನಕರು ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಎಂಬ ನಂಬಿಕೆಯ ಸುತ್ತ ಒಂದು ಗುರುದ್ವಾರವೇ ಎದ್ದಿದೆ. ಕುಡಿಯುವ ನೀರಿನ ರುಚಿಯನ್ನು ಇಷ್ಟು ದೊಡ್ಡದಾಗಿ ಕಂಡ ಊರು ಇದು.

ಬಹಮನಿ ಸುಲ್ತಾನರ ಕಾಲದಲ್ಲಿ ಈ ನೆಲದ ಗುಣ ಅರಿತವರು 15ನೇ ಶತಮಾನದಲ್ಲಿ ನೌಬಾದಿನಲ್ಲಿ ಕರೇಜ್ ತೋಡಿದರು. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಪರ್ಷಿಯಾದ ಈ ವಿದ್ಯೆಯಲ್ಲಿ ನೀರು ನೆಲದಡಿಯ ಕಾಲುವೆಯಲ್ಲಿ, ಸಣ್ಣ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಮೇಲಿನಿಂದ ಗಾಳಿಬಾವಿಗಳು, ಕಾಲುವೆಯ ಉದ್ದ ಸುಮಾರು ಮೂರು ಕಿಲೋಮೀಟರ್. ಬಿಸಿಲಿಗೆ ಆವಿಯಾಗದ, ದನಕರು ತುಳಿಯದ, ಹೊರಗಿನ ಹೊಲಸು ಸುಲಭಕ್ಕೆ ತಾಗದ ನೀರು. ಮೋಟಾರು, ಪ್ರಯೋಗಾಲಯ ಎರಡೂ ಇಲ್ಲದ ಕಾಲದ ಜನ ನೀರು ಬಂದರೆ ಸಾಲದು, ಚೊಕ್ಕವಾಗಿ ಬರಬೇಕು ಎಂದು ಯೋಚಿಸಿದ್ದರು.

ಸಿಹಿನೀರನ್ನು ಬೇಗ ಒಳಗೆ ಬಿಡುವ ಅದೇ ಜಂಬಿಟ್ಟಿಗೆ ಕಲ್ಲು ಹೊಲಸನ್ನೂ ಬೇಗ ಒಳಗೆ ಬಿಡುತ್ತದೆ. ಶೌಚಗುಂಡಿಯ ನೀರು, ತಿಪ್ಪೆಯ ಸಾರ, ಕಾರ್ಖಾನೆಯ ತ್ಯಾಜ್ಯ ಯಾವುದನ್ನೂ ಅದು ತಡೆದು ನಿಲ್ಲಿಸುವುದಿಲ್ಲ. ಭಾಲ್ಕಿ, ಔರಾದಿನ ಕರಿಮಣ್ಣಿನ ಕಡೆ ಬಂದರೆ ಬೇರೆ ಚಿಂತೆ. ಸೋಯಾ, ಕಬ್ಬು, ತೊಗರಿಯ ಈ ಹೊಲಗಳಿಗೆ ಸುರಿದ ಯೂರಿಯಾದಲ್ಲಿ ಬೆಳೆ ಉಂಡು ಉಳಿದದ್ದು ನೈಟ್ರೇಟ್ ಆಗಿ ಬಾವಿ, ಬೋರಿಗೆ ಇಳಿಯಬಲ್ಲದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಮಿತಿ ಎಂದರೆ ಲೀಟರಿಗೆ 45 ಮಿಲಿಗ್ರಾಂ. ದೇಶದಲ್ಲಿ ಇದರಿಂದ ಹೆಚ್ಚು ಬಾಧಿತವಾದ ಜಿಲ್ಲೆಗಳ ಪಟ್ಟಿಯಲ್ಲಿ ಮಹಾರಾಷ್ಟ್ರದ ಬೀಡ್, ನಾಂದೇಡ್ ಇವೆ. ಬೀಡ್ ಎಂದರೆ ಮಾಂಜ್ರಾ ನದಿ ಹುಟ್ಟುವ ಜಿಲ್ಲೆ. ನಾಂದೇಡ್ ಎಂದರೆ ಔರಾದಿನ ಗಡಿ ದಾಟಿದರೆ ಸಿಗುವ ನೆಲ. ಗಡಿ ಕಲ್ಲಿನ ಆಚೆ ಕೆಟ್ಟ ನೀರು ಈಚೆಗೆ ಬಂದ ಕೂಡಲೇ ಒಳ್ಳೆಯದಾಗುವುದಿಲ್ಲ.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ‘ಕಾಯಿಸಿ ಆರಿಸಿ ಕುಡಿಯಿರಿ’ ಎಂಬ ಆರೋಗ್ಯ ಇಲಾಖೆಯ ಹಳೆಯ ಬುದ್ಧಿಮಾತು ವಾಂತಿಭೇದಿಯ ರೋಗಾಣುವಿಗೆ ಸರಿ. ನೈಟ್ರೇಟಿನ ವಿಷಯದಲ್ಲಿ ಅದು ತಿರುವುಮುರುವು. ಕುದಿಸಿದಷ್ಟೂ ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪುಡಿ ಹಾಲನ್ನು ಆ ನೀರಿನಲ್ಲಿ ಕಲಸಿ ಹಸುಗೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ತನ್ನ ಬೋರಿನ ನೀರಿನಲ್ಲಿ ಯಾವ ಕೇಡಿದೆ ಎಂಬುದು ಗೊತ್ತಿಲ್ಲದ ತಾಯಿ ಕಾಯಿಸಬೇಕೋ ಬೇಡವೋ ಎಂದು ಹೇಗೆ ತೀರ್ಮಾನ ಮಾಡಬೇಕು?

ನಗರದ ಮಗ್ಗುಲಿನ ಕೊಳಾರ ಕೈಗಾರಿಕಾ ಪ್ರದೇಶದ ಕತೆ ಇನ್ನೂ ಹಳೆಯದು. ಔಷಧ ಮತ್ತು ರಾಸಾಯನಿಕ ಘಟಕಗಳ ದುರ್ವಾಸನೆ, ಬಣ್ಣಗೆಟ್ಟ ಬಾವಿ ನೀರಿನ ಬಗ್ಗೆ ಸುತ್ತಲಿನ ಊರವರು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಇದು ಹಳ್ಳಿಗರ ಕಲ್ಪನೆ ಎನ್ನುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ನೆಲೆಗಳನ್ನು ಅಳೆದಾಗ ಬೀದರಿಗೆ ಸಿಕ್ಕ ಮಾಲಿನ್ಯ ಸೂಚ್ಯಂಕ 67.64. 60 ದಾಟಿದರೆ ತೀವ್ರ ಮಲಿನ, 70 ದಾಟಿದರೆ ಅತ್ಯಂತ ಗಂಭೀರ. ಇಷ್ಟು ಗೊತ್ತಾದ ಮೇಲೆ ಆ ಊರುಗಳ ಪ್ರತಿ ಬಾವಿಯ ವರದಿ ತಿಂಗಳು ತಿಂಗಳು ಪಂಚಾಯಿತಿ ಗೋಡೆಯ ಮೇಲೆ ಇರಬೇಕಿತ್ತು. ಕಾರ್ಖಾನೆ ಮುಚ್ಚಿದರೆ ಹುಡುಗರ ಕೆಲಸ ಹೋಗುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಗುಳೆ ಹೋಗುವ ಜಿಲ್ಲೆಯಲ್ಲಿ ಸಂಬಳದ ಬೆಲೆ ದೊಡ್ಡದು. ಆದರೆ ಬಾವಿಯ ವರದಿ ಬಯಲಿಗಿಡುವುದರಿಂದ ಯಾವ ಕೆಲಸವೂ ಹೋಗುವುದಿಲ್ಲ. ಕದ್ದು ತ್ಯಾಜ್ಯ ಬಿಡುವವನಿಗೆ ಮಾತ್ರ ಕಷ್ಟವಾಗುತ್ತದೆ, ಆಗಲಿ.

ಇದಕ್ಕೆಲ್ಲ ಅಧಿಕಾರಿಗಳ ಸಿದ್ಧ ಉತ್ತರ ಒಂದಿದೆ: ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿ, 20 ಲೀಟರ್ ಕ್ಯಾನು ತುಂಬಿಸಿಕೊಳ್ಳಿ. ಘಟಕ ಚೆನ್ನಾಗಿ ನಡೆಯುವ ಊರಿನಲ್ಲಿ ಅದರಿಂದ ಉಪಕಾರವಾಗಿದೆ, ನಿಜ. ಆದರೆ ಒಳಗಿನ ಪೊರೆ ಸವೆದರೆ ನೈಟ್ರೇಟು, ಫ್ಲೋರೈಡು ಹಾಗೇ ದಾಟಿ ಬರುತ್ತವೆ. ಕ್ಯಾನು ಹಿಡಿದು ನಿಂತವರಿಗೆ ಅದು ತಿಳಿಯುವುದೇ ಇಲ್ಲ. ಘಟಕ ಹೊರಚೆಲ್ಲುವ ಸಾಂದ್ರ ನೀರು ಪಕ್ಕದ ಚರಂಡಿಗೆ ಹೋಗಿ ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಬೇಳೆ ಬೇಯುವುದು, ಮಕ್ಕಳು ಬಾಯಿ ಮುಕ್ಕಳಿಸುವುದು ನಳದ ನೀರಿನಲ್ಲೇ. ಕಾಸು ಕೊಟ್ಟವರಿಗೆ ಒಂದು ನೀರು, ಕೊಡಲಾಗದವರಿಗೆ ಇನ್ನೊಂದು ನೀರು ಎಂಬ ಏರ್ಪಾಡಿಗೆ ಯೋಜನೆ ಎಂಬ ಹೆಸರು ಸಲ್ಲದು.

ಕಾನೂನು ಕೂಡ ಇದೇ ಭೇದವನ್ನು ಸಾಕುತ್ತದೆ. ಅಂಗಡಿಯ ಬಾಟಲಿ ನೀರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ ಕಟ್ಟುಪಾಡಿದೆ. ಸರ್ಕಾರ ನಳದಲ್ಲಿ ಬಿಡುವ ನೀರಿಗೆ ಐಎಸ್ 10500 ಎಂಬ ಮಾನದಂಡವಿದ್ದರೂ ಅದನ್ನು ಪಾಲಿಸಲೇಬೇಕು ಎಂಬ ಕಡ್ಡಾಯವಿಲ್ಲ.

ನಗರದಲ್ಲಿ ನೀರು ದಿನವಿಡೀ ಬಾರದ ಬಡಾವಣೆಗಳದ್ದು ಇನ್ನೊಂದು ಅಪಾಯ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಚರಂಡಿಯ ಪಕ್ಕದಲ್ಲಿ, ಕೆಲವೊಮ್ಮೆ ಚರಂಡಿಯೊಳಗೇ ಹಾದುಹೋದ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಹೊಲಸು ಒಳಗೆ ನುಸುಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದೇ. ಶುದ್ಧೀಕರಣ ಕೇಂದ್ರದಲ್ಲಿ ಕ್ಲೋರಿನ್ ಹಾಕಿದೆವು ಎಂದರೆ ಸಾಲದು, ಕೊನೆಯ ಮನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಕಲಿಯಲು ಬೀದರಿನವರು ದೂರ ಹೋಗಬೇಕಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ಸತ್ತದ್ದು ನೀರಿಲ್ಲದೆ ಅಲ್ಲ, ನಳದಲ್ಲಿ ಬಂದ ಕಲುಷಿತ ನೀರು ಕುಡಿದು. ಎರಡೂ ಕಡೆ ತನಿಖೆ, ಅಮಾನತು, ಪರಿಹಾರ ಹೆಣ ಎದ್ದ ಮೇಲೆ ಬಂದವು.

ಅಂಕಿ ಬಯಲಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿದಾಗ ಜನ ಕಂದು ನೀರಿನ ಬಾಟಲಿ ಎತ್ತಿ ತೋರಿಸಿದರೂ ಆಡಳಿತ ‘ಸುರಕ್ಷಿತ’ ಎನ್ನುತ್ತಲೇ ಇತ್ತು. ಮರುವರ್ಷ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟಿಶಾ ಮಕ್ಕಳ ರಕ್ತದಲ್ಲಿನ ಸೀಸದ ಅಂಕಿಗಳನ್ನು ಎಲ್ಲರ ಮುಂದೆ ಇಟ್ಟ ಮೇಲೆಯೇ ಆ ಮಾತು ನಿಂತದ್ದು. ಅಂಕಿ ಕಡತದಲ್ಲಿದ್ದರೆ ಅಧಿಕಾರಿಯದು, ಬಯಲಿಗೆ ಬಂದರೆ ಊರಿನದು.

2023ರ ಮೇ ತಿಂಗಳಲ್ಲಿ ರಚನೆಯಾದ ರಾಜ್ಯ ಸಂಪುಟದಲ್ಲಿ ಭಾಲ್ಕಿ ಶಾಸಕ ಈಶ್ವರ ಖಂಡ್ರೆ ಅವರಿಗೆ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಖಾತೆ ಬಂತು. ಮಾಲಿನ್ಯ ನಿಯಂತ್ರಣ ಮಂಡಳಿ ಅದರಡಿ ಬರುತ್ತದೆ. ಬೀದರ್ ಶಾಸಕ ರಹೀಂ ಖಾನ್ ಅವರಿಗೆ ಪೌರಾಡಳಿತ, ಪಕ್ಕದ ಕಲಬುರಗಿ ಜಿಲ್ಲೆಯ ಪ್ರಿಯಾಂಕ್ ಖರ್ಗೆ ಅವರಿಗೆ ಗ್ರಾಮೀಣಾಭಿವೃದ್ಧಿ. ಕಾರ್ಖಾನೆಯ ಕೊಳಚೆ, ಪೇಟೆಯ ನಳ, ಹಳ್ಳಿಯ ನಳ ಮೂರರ ಕೀಲಿಯೂ ಇದೇ ಭಾಗದವರ ಕೈಗೆ ಬಂದದ್ದು ಬೀದರಿನ ಪಾಲಿಗೆ ಅಪರೂಪದ ಅವಕಾಶ. ಬೆಂಗಳೂರು ನಮ್ಮನ್ನು ಮರೆತಿದೆ ಎಂಬ ಹಳೆಯ ದೂರು ಇಲ್ಲಿ ಹೇಳುವಂತಿಲ್ಲ. ಈ ಮೂವರು ಮನಸ್ಸು ಮಾಡಿದರೆ, ಜಿಲ್ಲೆಯ ಪ್ರತಿ ನೀರಿನ ಟಾಕಿಯ ಮೇಲೆ ಕಪ್ಪು ಹಲಗೆ ಹಾಕಿಸಿ, ಪರೀಕ್ಷೆಯ ದಿನಾಂಕ, ನೈಟ್ರೇಟ್, ಫ್ಲೋರೈಡ್, ರೋಗಾಣು, ಕ್ಲೋರಿನ್ ಇಷ್ಟನ್ನು ಕನ್ನಡದಲ್ಲೂ ಗಡಿಯ ಊರುಗಳಲ್ಲಿ ಮರಾಠಿಯಲ್ಲೂ ಬರೆಸುವುದಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ದುಡ್ಡೂ ಬೇಡ. ಆ ಹಲಗೆ ತುಂಬದ ಊರಿನ ಕಾಮಗಾರಿಯ ಕೊನೆಯ ಬಿಲ್ ಪಾಸು ಮಾಡಬಾರದು.

ಸಚಿವರು ಮಾಡುವವರೆಗೆ ಊರವರು ಕಾಯಬೇಕಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮುಂದಿನ ಸಭೆಯಲ್ಲಿ ಭಾಲ್ಕಿಯ, ಔರಾದಿನ, ಬೀದರಿನ ಹಳ್ಳಿಗಳ ತಾಯಂದಿರು ಎದ್ದು ನಿಂತು, ತಮ್ಮೂರಿನ ನೀರಿನ ಕೊನೆಯ ಪರೀಕ್ಷಾ ವರದಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಬಾಯಿಂದ ಓದಿಸಲಿ. ಓದಲು ವರದಿಯೇ ಇಲ್ಲವೆಂದಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನು ಅಲ್ಲೇ ಬರೆದು ಕೊಡಲಿ. ಉತ್ತರಕ್ಕೆ ಕಾನೂನು ಕೊಟ್ಟ ಗಡುವು 30 ದಿನ.