ರಾಗಿಯ ಸಂಶೋಧನೆಯನ್ನು ಅಳೆಯತಕ್ಕ ಕೊಳಗ ಯಾವುದು?
(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಸರ್ಕಾರದ ಹಣದಿಂದ ನಡೆಯುವ ವ್ಯವಸಾಯ ಸಂಶೋಧನೆಗಳಿಂದ ನಾಡಿಗೆ ಆದ ಪ್ರಯೋಜನವೆಷ್ಟೆಂದು ಗ್ರಾಮಸ್ಥರು ಆಗಾಗ್ಗೆ ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ ಸರಿ. ಆದರೆ ಅದಕ್ಕೆ ದೊರೆಯುವ ಉತ್ತರವು ಸಾಮಾನ್ಯವಾಗಿ ಎಕರೆಗೆ ಇಷ್ಟು ಕ್ವಿಂಟಾಲೆಂಬ ಒಂದೇ ಅಂಕಿಯಲ್ಲಿ ಮುಗಿದುಹೋಗುವುದು. ಆ ಒಂದು ಅಂಕಿಯು ಸಾಲದೆಂಬುದೇ ನನ್ನ ಅಭಿಪ್ರಾಯ. ದಕ್ಷಿಣ ಕರ್ಣಾಟಕದ ಮುಖ್ಯಾಹಾರವಾದ ರಾಗಿಯನ್ನೇ ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು.

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಪ್ರಯೋಗ ಕ್ಷೇತ್ರಕ್ಕಾಗಿ ಕೊಟ್ಟರು. ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ ನಾಟಿ ರಾಗಿಗಳೊಳಗಿನಿಂದ ಉತ್ತಮ ತೆನೆಗಳನ್ನು ಆಯ್ದು ತಳಿಗಳನ್ನು ಬೇರ್ಪಡಿಸುವ ಕಾರ್ಯವು ನಡೆಯಿತು. ರಾಗಿಯ ಹೂವು ಅತಿ ಸಣ್ಣದಾಗಿ ತನ್ನಷ್ಟಕ್ಕೆ ತಾನೇ ಪರಾಗ ಹೊಂದುವುದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹು ಕಷ್ಟದ ಕೆಲಸ. ಆದರೂ ಮಂಡ್ಯದ ವಿ. ಸಿ. ಫಾರಂನಲ್ಲಿ ಶ್ರೀ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದರು. 1996ರಲ್ಲಿ ಬೆಂಕಿ ರೋಗವನ್ನು ತಡೆಯಬಲ್ಲ ಜಿ. ಪಿ. ಯು. 28 ಎಂಬ ತಳಿಯು ರೈತರ ಕೈಸೇರಿತು. ರಾಗಿಯ ವಿಸ್ತೀರ್ಣವು ಹಿಂದಿಗಿಂತ ಬಹಳ ಕುಗ್ಗಿದ್ದರೂ ಒಟ್ಟು ಹುಟ್ಟುವಳಿಯು ಅದೇ ಪ್ರಮಾಣದಲ್ಲಿ ಕುಗ್ಗದಿರುವುದಕ್ಕೆ ಇಂಥ ತಳಿಗಳೂ ಒಂದು ಮುಖ್ಯ ಕಾರಣವಾಗಿವೆ.

ಇಷ್ಟರಿಂದಲೇ ಲೆಕ್ಕವು ಪೂರ್ತಿಯಾಗಲಿಲ್ಲ. ಮೊದಲನೆಯದಾಗಿ, ಹೊಸ ಬೀಜವನ್ನು ಬಿತ್ತಿದವನು ಗೊಬ್ಬರವನ್ನೂ ಹೆಚ್ಚಾಗಿ ಹಾಕಿರುತ್ತಾನೆ. ಆ ವರುಷ ಮಳೆಯೂ ಅನುಕೂಲಿಸಿರಬಹುದು. ಬೆಳೆದ ಹೆಚ್ಚಳವೆಲ್ಲವನ್ನೂ ಬೀಜದ ಖಾತೆಗೇ ಬರೆಯುವುದು ಸರಿಯಲ್ಲ. ಒಂದೇ ಹೊಲದಲ್ಲಿ, ಒಂದೇ ದಿನ ಬಿತ್ತಿ, ಒಂದೇ ಗೊಬ್ಬರವಿತ್ತು, ಹಳೆಯ ತಳಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಬೆಳೆದಾಗ ಮಾತ್ರ ಬೀಜದ ನಿಜವಾದ ಗುಣವು ತಿಳಿಯುವುದು.

ಎರಡನೆಯದಾಗಿ, ರೋಗನಿರೋಧಕ ತಳಿಯ ಬೆಲೆಯು ಒಳ್ಳೆಯ ವರುಷದಲ್ಲಿ ಕಾಣುವುದಿಲ್ಲ. ಹೂ ಬಿಡುವ ಕಾಲಕ್ಕೆ ಮೋಡ ಕವಿದು ಜಡಿಮಳೆ ಹಿಡಿದು, ತೆನೆಯ ಕೊರಳು ಕಪ್ಪಾಗಿ ಕಾಳು ಜೊಳ್ಳಾಗುವ ವರುಷದಲ್ಲಿ ಅದು ಕಾಣುವುದು. ಆದುದರಿಂದ ಒಂದು ಫಸಲನ್ನು ನೋಡಿ ತೀರ್ಪು ಹೇಳಲಾಗದು. ಐದಾರು ವರುಷಗಳ ಲೆಕ್ಕವು ಅವಶ್ಯ.

ಮೂರನೆಯದು ಹುಲ್ಲಿನ ವಿಚಾರ. ರಾಗಿ ಬೆಳೆಯುವವನಿಗೆ ಕಾಳಿನಷ್ಟೇ ಬಣವೆಯೂ ಮುಖ್ಯವಾದುದು. ಬೇಸಗೆಯಲ್ಲಿ ದನಗಳು ಬದುಕುವುದು ಆ ಹುಲ್ಲಿನಿಂದ. ಹೊಲಕ್ಕೆ ಗೊಬ್ಬರ ಬರುವುದು ಆ ದನಗಳಿಂದ. ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳುಗಳು ಮನೆಯ ಸಾರಿಗೂ ಎಣ್ಣೆಗೂ ಆಧಾರ. ಕಾಳು ಎರಡು ಕ್ವಿಂಟಾಲು ಹೆಚ್ಚಿ, ಹುಲ್ಲು ಒಂದು ಗಾಡಿ ಕಡಮೆಯಾಗಿ, ಅಕ್ಕಡಿಯೂ ನಿಂತುಹೋದರೆ ಲಾಭವೋ ನಷ್ಟವೋ ಎಂಬುದನ್ನು ಕಾಳನ್ನು ಮಾತ್ರ ತೂಗುವ ತಕ್ಕಡಿಯು ಹೇಳಲಾರದು.

ಕಡೆಯದು ಊಟದ ತಟ್ಟೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ ಇರುತ್ತದೆ. ಹೀಗಿದ್ದರೂ ಕಾಲುವೆಯ ನೀರೂ ಪಡಿತರದ ಅಕ್ಕಿಯೂ ಬಂದ ಮೇಲೆ ಅನೇಕ ಮನೆಗಳಲ್ಲಿ ಮುದ್ದೆಯು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿದಿದೆ. ಉತ್ತಮ ತಳಿಯೊಂದರಿಂದಲೇ ಇದು ತಿರುಗಲಾರದು, ಬೆಲೆಯೂ ಬೇಕು. ರಾಗಿಯ ಬೆಂಬಲ ಬೆಲೆಯು 2013-14ರಲ್ಲಿ ಕ್ವಿಂಟಾಲಿಗೆ 1500 ರೂಪಾಯಿಯಿದ್ದುದು 2024-25ರಲ್ಲಿ 4290 ರೂಪಾಯಿಗೆ ಏರಿತು. ಸರ್ಕಾರವು ರಾಗಿಯನ್ನು ಕೊಂಡು ಪಡಿತರದಲ್ಲಿ ಹಂಚುವುದೂ ರೂಢಿಗೆ ಬಂದಿದೆ. ಬೀಜದಿಂದಾದುದೆಷ್ಟು, ಬೆಲೆಯಿಂದಾದುದೆಷ್ಟು ಎಂಬುದನ್ನು ವಿಂಗಡಿಸದೆ ಸಂಶೋಧನೆಯನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು.

ಗ್ರಾಮದ ಪ್ರಮುಖರೂ ಜಮೀನುದಾರರೂ ಈ ಕಾರ್ಯದಲ್ಲಿ ಸಹಾಯ ಮಾಡಬಲ್ಲರು. ಬೆಳೆ ಕಟಾವು ಪ್ರಯೋಗಕ್ಕೆ ನೌಕರರು ಬಂದಾಗ ಕಾಳಿನೊಡನೆ ಹುಲ್ಲನ್ನೂ ಅಕ್ಕಡಿಯ ಫಸಲನ್ನೂ ತಾವೇ ತೂಗಿಸಿ ಬರೆದಿಡಬೇಕು. ಹೊಸ ತಳಿಯನ್ನು ಬಿತ್ತುವಾಗ ನಾಲ್ಕು ಗುಂಟೆಯಲ್ಲಾದರೂ ಹಳೆಯದನ್ನು ಉಳಿಸಿಕೊಳ್ಳಬೇಕು. ಹೋಲಿಕೆಗೆ ಅದೇ ಸಾಕ್ಷಿ. ಮುಂದಿನ ತಳಿಗೆ ಬೇಕಾದ ಮೂಲಧನವೂ ಅದೇ. ಮನೆಯ ಖರ್ಚಿಗೆ ಎಷ್ಟು ರಾಗಿ ಉಳಿಯಿತು, ಎಷ್ಟು ಮಾರಾಟವಾಯಿತೆಂಬುದನ್ನು ವರುಷಕ್ಕೊಮ್ಮೆ ಗುರುತು ಹಾಕಿಟ್ಟರೆ, ಐದು ವರುಷಗಳಲ್ಲಿ ಆ ಪುಸ್ತಕವು ಯಾವ ವರದಿಗೂ ಕಡಮೆಯಾಗದು.

ಫಾರಮಿನ ಮಡಿಯಲ್ಲಿ ಗೆದ್ದ ತಳಿಯು ಕಣಜದಲ್ಲಿಯೂ ಕೊಟ್ಟಿಗೆಯಲ್ಲಿಯೂ ಅಡಿಗೆಯ ಮನೆಯಲ್ಲಿಯೂ ಗೆಲ್ಲತಕ್ಕದ್ದು. ಈ ಮೂರೆಡೆಯ ಲೆಕ್ಕವು ಸಂಶೋಧಕರಿಗೆ ತಲಪಿದರೆ, ಮುಂದೆ ಬರುವ ತಳಿಯು ನಮ್ಮ ಅಗತ್ಯಕ್ಕೆ ಒಪ್ಪುವಂಥಾದ್ದಾಗುವುದು.