ದೊಡ್ಡವ್ವನ ರಿಪೋರ್ಟಿನ ಕೊನೆಯ ಸಾಲು

ಈ ವರ್ಷ ಸಂಕ್ರಾಂತಿ ಮುಗಿದ ವಾರ, ತೊಗರಿ ರಾಶಿ ಆದ ಮೇಲೆ, ನೆಲೋಗಿಯಿಂದ ತಮ್ಮ ಫೋನ್ ಮಾಡಿದ. "ಅಣ್ಣಾ, ಅವ್ವನ ಎದಿಯಾಗ ಗಂಟ ಆಗ್ಯಾದ. ಕಲಬುರಗಿಗೆ ಹೋಗಿ ತೋರಿಸಿದ್ವಿ. ತುಣುಕು ತಗದು ಟೆಸ್ಟಿಗೆ ಕಳಿಸಿದ್ರು. ರಿಪೋರ್ಟ್ ವಾಟ್ಸ್ಆ್ಯಪ್ ಮಾಡೀನಿ, ಏನ್ ಬರದಾರ ನೋಡು."

ಅವನು ನನ್ನ ದೊಡ್ಡವ್ವನ ಮಗ. ದೊಡ್ಡವ್ವ ಆ ಗಂಟನ್ನು ಹೋದ ದೀಪಾವಳಿಗೂ ಮೊದಲೇ ಗಮನಿಸಿದ್ದಳಂತೆ. ನೋವಿಲ್ಲ, ಹೊಲದ ಕೆಲಸ ಮುಗಿಯಲಿ ಅಂತ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನಾನು ಬೆಂಗಳೂರಿನ ಆಫೀಸ್ ಕ್ಯಾಬ್‌ನಲ್ಲಿ ಕೂತು ಮೂರು ಫೋಟೊ ತೆರೆದೆ. ಮೊದಲ ಪುಟದಲ್ಲೇ 'ಕಾರ್ಸಿನೋಮಾ' ಅನ್ನೋ ಪದ ಕಂಡಿತು. ನನ್ನ ಓದು ಅಲ್ಲಿಗೇ ನಿಂತಿತು. ದಿನವಿಡೀ ಸರ್ವರ್ ಲಾಗ್‌ಗಳನ್ನು ಕೊನೆಯ ಸಾಲಿನ ತನಕ ಓದುವುದೇ ನನ್ನ ಕೆಲಸ. ಆದರೆ ದೊಡ್ಡವ್ವನ ರಿಪೋರ್ಟಿನ ಮೂರನೇ ಪುಟ ನಾನು ಓದಲಿಲ್ಲ. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದದ್ದು ಇಷ್ಟು: ಹೆರ್-2, 2+, ಫಿಶ್ ಪರೀಕ್ಷೆ ಮಾಡಿಸಿ.

ಮೊದಲು ತೋರಿಸಿದ ಕಡೆ ಆ ಸಾಲಿನ ಬಗ್ಗೆ ಯಾರೂ ಹೇಳಿರಲಿಲ್ಲ. ಐದು ವಾರ ಕಳೆದ ಮೇಲೆ ಎರಡನೇ ಅಭಿಪ್ರಾಯಕ್ಕೆ ಅಂತ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಫಿಶ್ ಮಾಡಿಸಿದ್ದೀರಾ?" ನಮ್ಮ ತಮ್ಮ ಗಾಬರಿಯಲ್ಲಿ, "ನಮ್ಮ ಮನ್ಯಾಗ ಮೀನ ತಿನ್ನಂಗಿಲ್ರೀ ಸರ್" ಅಂದ. ಡಾಕ್ಟರು ನಗಲಿಲ್ಲ. ರಿಪೋರ್ಟ್ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟರು.

ಆ ಐದು ವಾರ ವಾಪಸ್ ಬರಲ್ಲ. ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂತ ಈ ಸಲದ ಅಂಕಣವನ್ನು ಆ ಒಂದು ಸಾಲಿಗೇ ಕೊಡುತ್ತಿದ್ದೇನೆ.

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ

ನಾವು ಒಂದೇ ಹೆಸರಿನಿಂದ ಕರೆದರೂ ಸ್ತನ ಕ್ಯಾನ್ಸರಿನಲ್ಲಿ ಹಲವು ಬಗೆಗಳಿವೆ. ಕೆಲವು ಹಾರ್ಮೋನ್ ಬಲದಿಂದ ಬೆಳೆಯುತ್ತವೆ. ನೂರರಲ್ಲಿ ಸುಮಾರು 15ರಿಂದ 20 ಮಾತ್ರ ಹೆರ್-2 ಅನ್ನೋ ಪ್ರೋಟೀನಿನ ಬಲದಿಂದ ಬೆಳೆಯುತ್ತವೆ.

ಈ ಹೆರ್-2 ನಮ್ಮೆಲ್ಲರ ಮೈಯಲ್ಲೂ ಇದೆ. ಜೀವಕೋಶದ ಹೊರಮೈಯಲ್ಲಿ ನಿಂತ ಪುಟ್ಟ ಆ್ಯಂಟೆನಾ ಅಂದುಕೊಳ್ಳಿ. 'ಬೆಳೆ, ಎರಡಾಗು' ಅನ್ನೋ ಸಂದೇಶವನ್ನು ಒಳಗೆ ದಾಟಿಸುವುದು ಅದರ ಕೆಲಸ. ಕೆಲವು ಕ್ಯಾನ್ಸರುಗಳಲ್ಲಿ ಈ ಪ್ರೋಟೀನ್ ತಯಾರಿಸುವ ಜೀನ್‌ನ ಪ್ರತಿಗಳು ತಪ್ಪಾಗಿ ಹೆಚ್ಚಿಬಿಡುತ್ತವೆ. ಸಾವಿರಗಳಲ್ಲಿ ಇರಬೇಕಾದ ಆ್ಯಂಟೆನಾ ಲಕ್ಷಗಳಲ್ಲಿ ಎದ್ದು ನಿಲ್ಲುತ್ತವೆ. ಆಗ ಕೋಶಕ್ಕೆ ಬಿಡುವಿಲ್ಲದೆ ಒಂದೇ ಆಜ್ಞೆ, ಬೆಳೆ, ಬೆಳೆ. ಇಂಥ ಗಂಟು ಬೇಗ ಬೆಳೆಯುತ್ತದೆ, ಬೇಗ ಮರಳುತ್ತದೆ ಎಂಬುದನ್ನು ಅಮೆರಿಕದ ಡಾಕ್ಟರ್ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು.

ಇದು ಕೆಟ್ಟ ಸುದ್ದಿಯೇ. ಆದರೆ ಸಾಮಾನ್ಯ ಕೋಶಕ್ಕಿಂತ ಎದ್ದು ಕಾಣುವ ಗುರುತು ಸಿಕ್ಕಿತು ಅಂದರೆ ಗುರಿಯಿಡೋಕೆ ಒಂದು ಜಾಗ ಸಿಕ್ಕಿತು ಅಂತಲೂ ಅರ್ಥ ಅಲ್ವಾ?

ತುದಿ ಇಲಿಯದು, ಮೈ ಮನುಷ್ಯನದು

ಆ್ಯಂಟಿಬಾಡಿ ಅನ್ನೋ ಪದ ಕೋವಿಡ್ ಕಾಲದಲ್ಲಿ ನಮಗೆಲ್ಲ ಪರಿಚಯವಾಯಿತು. ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನ್ ಅದು. ಎರಡು ತೋಳುಗಳ ತುದಿ ಯಾವುದೋ ಒಂದೇ ಗುರಿಗೆ ಅಂಟಿಕೊಳ್ಳುತ್ತದೆ. ಕೆಳಗಿನ ಕಾಂಡ ನಮ್ಮ ರೋಗನಿರೋಧಕ ಕೋಶಗಳನ್ನು ಕೂಗಿ ಕರೆಯುತ್ತದೆ.

ಒಂದೇ ಗುರಿಗೆ ಅಂಟುವ, ಒಂದೇ ಥರದ ಆ್ಯಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆ ವಿಧಾನದಲ್ಲಿ ಸಿಗುತ್ತಿದ್ದದ್ದು ಇಲಿಯ ಆ್ಯಂಟಿಬಾಡಿ. ಅದನ್ನು ಹಾಗೇ ಮನುಷ್ಯನಿಗೆ ಕೊಟ್ಟರೆ ದೇಹ 'ಇದು ನಮ್ಮದಲ್ಲ' ಅಂತ ಅದರ ಮೇಲೇ ತಿರುಗಿಬೀಳುತ್ತದೆ.

ಎಂಜಿನಿಯರಿಂಗ್ ಶುರುವಾಗೋದೇ ಇಲ್ಲಿ. ಹೆರ್-2ಗೆ ಸರಿಯಾಗಿ ಅಂಟುವ ಒಂದು ಇಲಿ ಆ್ಯಂಟಿಬಾಡಿ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳ ಕೈಯಲ್ಲಿತ್ತು. ಅಂಟುವ ಕೆಲಸ ಮಾಡೋದು ತೋಳಿನ ತುದಿಯಲ್ಲಿರುವ ಆರು ಪುಟ್ಟ ಕುಣಿಕೆಗಳು. ಮುಖ್ಯವಾಗಿ ಅಷ್ಟನ್ನು ಮಾತ್ರ ಇಲಿಯಿಂದ ಉಳಿಸಿಕೊಂಡು, ಉಳಿದ ಮೈಯನ್ನು ಮನುಷ್ಯನ ಆ್ಯಂಟಿಬಾಡಿಯದ್ದಾಗಿ ಬದಲಿಸಿದರು. ನಾವು ಹಳೇ ಕೋಡ್‌ನಿಂದ ಕೆಲಸ ಮಾಡುವ ಒಂದು ಫಂಕ್ಷನ್ ಮಾತ್ರ ಎತ್ತಿಕೊಂಡು ಉಳಿದದ್ದನ್ನೆಲ್ಲ ಹೊಸದಾಗಿ ಬರೆದ ಹಾಗೆ. ಹಾಗೆ ಹುಟ್ಟಿದ್ದೇ ಟ್ರಾಸ್ಟುಜುಮ್ಯಾಬ್. ಹರ್ಸೆಪ್ಟಿನ್ ಹೆಸರಿನಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಯಾವುದೇ ಔಷಧದ ಹೆಸರು 'ಮ್ಯಾಬ್' ಅಂತ ಮುಗಿದರೆ ಅದು ಈ ಜಾತಿಯ ಆ್ಯಂಟಿಬಾಡಿ ಅಂತ ತಿಳಿಯಿರಿ.

ಮೈಯೊಳಗೆ ಹೋದ ಮೇಲೆ ಅದು ಹೆರ್-2ಗೆ ಅಂಟಿ ಬೆಳವಣಿಗೆಯ ಸಂದೇಶವನ್ನು ತಡೆಯುತ್ತದೆ. ಜೊತೆಗೆ ಅದರ ಕಾಂಡ ನಮ್ಮದೇ ರಕ್ಷಕ ಕೋಶಗಳಿಗೆ 'ಇಲ್ಲಿದೆ ನೋಡಿ' ಅಂತ ಗುರುತು ತೋರಿಸುತ್ತದೆ. ಅವು ಬಂದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ.

ಇದನ್ನೆಲ್ಲ ನಾನು ಹಾಳೆಯ ಮೇಲೆ ಗೀಚಿ ವಿವರಿಸಿದಾಗ ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಅಂದ್ರ ಹೊಲಕ್ಕೆಲ್ಲಾ ಎಣ್ಣಿ ಹೊಡಿಯೋದಲ್ಲ. ಕಸ ಯಾವುದು ಅಂತ ಗುರುತ ಹಿಡದು ಕೀಳೋದು. ಹೌದಿಲ್ಲೊ?"

"ಎರಡೂ ಅದ ದೊಡ್ಡವ್ವ. ಕೀಮೋ ಅಂದ್ರ ಎಣ್ಣಿ ಹೊಡದಂಗ. ಇದು ಕಸ ಕಿತ್ತಂಗ. ಎರಡೂ ಕೂಡೇ ಮಾಡ್ತಾರ."

2005ರಲ್ಲಿ ಹೊರಬಂದ ದೊಡ್ಡ ಅಧ್ಯಯನಗಳೂ ಇದನ್ನೇ ಹೇಳಿದವು. ಆರಂಭದ ಹಂತದ ಹೆರ್-2 ಪಾಸಿಟಿವ್ ಕ್ಯಾನ್ಸರಿಗೆ ಕೀಮೋ ಜೊತೆ ಇದನ್ನೂ ಸೇರಿಸಿದಾಗ ಕಾಯಿಲೆ ಮರಳುವ ಅಪಾಯ ಸುಮಾರು ಅರ್ಧಕ್ಕೆ ಇಳಿಯಿತು.

ಹಾಗಾದರೆ 2+ ಅಂದರೇನು?

ಗಂಟಿನ ತುಣುಕಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ 0, 1+, 2+, 3+ ಅಂತ ಅಂಕ ಕೊಡುತ್ತಾರೆ. 3+ ಅಂದರೆ ಪಾಸಿಟಿವ್. 0 ಮತ್ತು 1+ ಅಂದರೆ ನೆಗೆಟಿವ್. 2+ ಎರಡೂ ಅಲ್ಲ. ಹೇಳೋಕಾಗಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಅರ್ಥ. ಆ ಇನ್ನೊಂದು ಪರೀಕ್ಷೆಯೇ ಫಿಶ್. ಅದರಲ್ಲಿ ಹೊಳೆಯುವ ಬಣ್ಣ ಬಳಸಿ ಜೀನ್‌ನ ಪ್ರತಿಗಳನ್ನು ನೇರವಾಗಿ ಎಣಿಸುತ್ತಾರೆ.

ದೊಡ್ಡವ್ವನ ಫಿಶ್ ಪಾಸಿಟಿವ್ ಬಂತು. ಎರಡನೇ ಡಾಕ್ಟರ್ ಕೇಳದೇ ಇದ್ದಿದ್ದರೆ ಬರೀ ಕೀಮೋ ಮಾಡಿ ಕೈಬಿಡುತ್ತಿದ್ದೆವೇನೋ. ಆ ಯೋಚನೆ ಬಂದಾಗ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ನಮ್ಮ ಬೆಂಗಳೂರಿನ ಬಾಟಲಿ

ದುಡ್ಡಿನ ಮಾತಿಗೆ ಬರೋಣ. ಈ ಔಷಧವನ್ನು ಸಾಮಾನ್ಯ ಮಾತ್ರೆಯ ಹಾಗೆ ರಾಸಾಯನಿಕ ಬೆರೆಸಿ ತಯಾರಿಸೋಕಾಗಲ್ಲ. ಆಸ್ಪಿರಿನ್ ಅಣುವಿಗಿಂತ ಇದು ಸುಮಾರು 800 ಪಟ್ಟು ಭಾರ. ಜೀವಂತ ಕೋಶಗಳೇ ಇದನ್ನು ತಯಾರಿಸಬೇಕು. ಅದಕ್ಕೆ ಬಳಸೋದು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಕೋಶಗಳು. ಅವನ್ನು ದೊಡ್ಡ ಸ್ಟೀಲ್ ಟ್ಯಾಂಕುಗಳಲ್ಲಿ ಬೆಳೆಸುತ್ತಾರೆ. ಹಾಗಾಗಿ ಬೇರೆ ಕಂಪನಿ ತಯಾರಿಸಿದ್ದು ಮೂಲ ಔಷಧದ ಪಡಿಯಚ್ಚು ಆಗಲ್ಲ, ಅತಿ ಹತ್ತಿರದ ಹೋಲಿಕೆ ಆಗುತ್ತದೆ. ಅದಕ್ಕೇ ಬಯೋಸಿಮಿಲರ್ ಅನ್ನೋ ಹೆಸರು. ಪರಿಣಾಮ ಒಂದೇ ಅಂತ ಪರೀಕ್ಷೆಗಳಲ್ಲಿ ತೋರಿಸಿದರಷ್ಟೇ ಅನುಮತಿ.

ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಬಯೋಕಾನ್, ಮೈಲಾನ್ ಜೊತೆ ಸೇರಿ ಇದನ್ನು ಮಾಡಿ ತೋರಿಸಿತು. ಕ್ಯಾನ್‌ಮ್ಯಾಬ್ ಹೆಸರಿನಲ್ಲಿ 2014ರ ಆರಂಭದಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂತು. 440 ಮಿಲಿಗ್ರಾಂ ಬಾಟಲಿಗೆ ಆಗ 57,500 ರೂಪಾಯಿ. ಕಡಿಮೆಯೇನಲ್ಲ, ಆದರೂ ಮೂಲ ಔಷಧಕ್ಕಿಂತ ಸುಮಾರು ಕಾಲುಭಾಗ ಅಗ್ಗ. ಇದೇ ಜೋಡಿಯ ಔಷಧಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಕೂಡ ಅನುಮತಿ ಕೊಟ್ಟಿತು. ಹರ್ಸೆಪ್ಟಿನ್‌ಗೆ ಅಲ್ಲಿ ಅನುಮತಿ ಪಡೆದ ಮೊದಲ ಬಯೋಸಿಮಿಲರ್ ಅದು. ಆಮೇಲೆ ಬೇರೆ ಕಂಪನಿಗಳೂ ಬಂದವು, ಪೈಪೋಟಿ ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಟ್ರಾಸ್ಟುಜುಮ್ಯಾಬನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಡ್ರಿಪ್ ಮೂಲಕ ಕೊಡುತ್ತಾರೆ. ಹೃದಯದ ಸ್ನಾಯುಗಳಿಗೂ ಹೆರ್-2 ಸಂದೇಶ ಬೇಕು. ಅದಕ್ಕೇ ಶುರು ಮಾಡುವ ಮೊದಲು ಮತ್ತು ನಡುನಡುವೆ ಎಕೋ ಮಾಡಿಸಬೇಕು. ಹೃದಯದ ಶಕ್ತಿ ಇಳಿದರೆ ಔಷಧ ನಿಲ್ಲಿಸುತ್ತಾರೆ. ಹೆಚ್ಚಿನವರಲ್ಲಿ ಆಮೇಲೆ ಸುಧಾರಿಸುತ್ತದೆ. 'ಮತ್ತ್ಯಾಕ ಎಕೋ, ಸುಮ್ನ ರೊಕ್ಕ' ಅಂತ ತಪ್ಪಿಸಬೇಡಿ.

ಈಗ ಮದ್ದು ಹೊತ್ತ ಆ್ಯಂಟಿಬಾಡಿ

ಎಂಜಿನಿಯರುಗಳು ಇಷ್ಟಕ್ಕೇ ಬಿಡಲಿಲ್ಲ. ಆ್ಯಂಟಿಬಾಡಿಗೆ ಹೇಗೂ ವಿಳಾಸ ಗೊತ್ತಿದೆ, ಅದರ ಬೆನ್ನಿಗೆ ಕೀಮೋ ಮದ್ದನ್ನೇ ಕಟ್ಟಿ ಕಳಿಸಿದರೆ? ಅದೇ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್. ಪ್ರತಿ ಆ್ಯಂಟಿಬಾಡಿಗೆ ಸುಮಾರು ಎಂಟು ಮದ್ದಿನ ಅಣುಗಳು. ಕೋಶದ ಒಳಗೆ ಹೋದ ಮೇಲೆ ಕಟ್ಟಿದ ಕೊಂಡಿ ಕತ್ತರಿಸಿ ಮದ್ದು ಬಿಡುಗಡೆಯಾಗುತ್ತದೆ, ಪಕ್ಕದ ಕ್ಯಾನ್ಸರ್ ಕೋಶಗಳಿಗೂ ಹರಡುತ್ತದೆ. 2022ರಲ್ಲಿ ಬಂದ ಅಧ್ಯಯನದಲ್ಲಿ, ದೇಹದ ಬೇರೆ ಕಡೆ ಹರಡಿದ ಕ್ಯಾನ್ಸರಿನಲ್ಲಿ ಹೆರ್-2 ಕಡಿಮೆ ಇರುವವರಿಗೂ, ಅಂದರೆ 1+ ಅಥವಾ 2+ ಬಂದು ಫಿಶ್ ನೆಗೆಟಿವ್ ಆದವರಿಗೂ, ಇದು ಕೆಲಸ ಮಾಡಿತು. ಹಿಂದೆ 'ನೆಗೆಟಿವ್' ಅಂತ ಪಕ್ಕಕ್ಕಿಡುತ್ತಿದ್ದ ಅಂಕಕ್ಕೂ ಈಗ ಬೆಲೆ ಬಂದಿದೆ. ಹಾಗಂತ ಇದು ಪೂರ್ತಿ ಸುರಕ್ಷಿತ ಅಲ್ಲ. ಕೆಲವರಿಗೆ ಶ್ವಾಸಕೋಶದ ಉರಿಯೂತ ಆಗುತ್ತದೆ, ಹೊಸ ಕೆಮ್ಮು ಶುರುವಾದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಇದರ ಆಮದು ಸುಂಕ ತೆಗೆದಿದೆ. ಆದರೂ ಬೆಲೆ ಇನ್ನೂ ನಮ್ಮಂಥವರ ಕೈಗೆ ಎಟುಕುವಂತಿಲ್ಲ.

ನೀವು ಮಾಡಬೇಕಾದ್ದು

ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಅಂತ ಗೊತ್ತಾದರೆ, ಊರಿಂದ ಮೊದಲು ಫೋನ್ ಬರೋದು ಓದಿ ನೌಕರಿಯಲ್ಲಿರುವ ನಿಮಗೇ. ಆಗ ರಿಪೋರ್ಟಿನ ಎಲ್ಲ ಪುಟ ತರಿಸಿಕೊಳ್ಳಿ. ಇಆರ್, ಪಿಆರ್, ಹೆರ್-2 ಅನ್ನೋ ಮೂರು ಸಾಲು ಹುಡುಕಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಹೆರ್-2 ಮುಂದೆ 2+ ಇದ್ದರೆ ಫಿಶ್ ಯಾವಾಗ ಅಂತ ಅವತ್ತೇ ಕೇಳಿ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಈ ಔಷಧ ಅದರಲ್ಲಿ ಹೇಗೆ ಸಿಗುತ್ತದೆ ಅಂತ ಚಿಕಿತ್ಸೆ ಶುರುವಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ. ನಮ್ಮ ಭಾಗದವರಿಗೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಎಲ್ಲದಕ್ಕೂ ಬೆಂಗಳೂರಿಗೇ ಓಡಿ ಬರಬೇಕಿಲ್ಲ.

ದೊಡ್ಡವ್ವನಿಗೆ ಮೊನ್ನೆ ಹನ್ನೊಂದನೇ ಡೋಸ್ ಆಯಿತು. ಜೇವರ್ಗಿ ದಾಟಿ, ಭೀಮಾ ಸೇತುವೆ ದಾಟಿ ಮೂರು ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ಬರುತ್ತಾಳೆ. ಕೂದಲು ಮತ್ತೆ ಬರುತ್ತಿದೆ. ಮುಂದೇನಾಗುತ್ತದೋ ನನಗೂ ಗೊತ್ತಿಲ್ಲ, ಡಾಕ್ಟರೂ ಮಾತು ಕೊಟ್ಟಿಲ್ಲ. ಹೊಲದಲ್ಲಿ ತೊಗರಿ ಹೂ ಬಿಟ್ಟಿದೆ. ಈ ಸಲದ ಎಕೋ ರಿಪೋರ್ಟ್ ತಮ್ಮ ವಾಟ್ಸ್ಆ್ಯಪ್ ಮಾಡಿದ್ದ. ಕ್ಯಾಬ್‌ನಿಂದ ಇಳಿದು, ಫುಟ್‌ಪಾತ್ ಪಕ್ಕ ನಿಂತು, ಕೊನೆಯ ಸಾಲಿನವರೆಗೂ ಓದಿದೆ. ಆಮೇಲೆ ಫೋನ್ ಮಾಡಿದೆ.