ಅಜ್ಜಿಯ ಕಣ್ಣಿನ ಕಾಯಿಲೆ ನಮಗೂ ಬಂದೀತೇ?



ನಿಮ್ಮಲ್ಲಿ ಅನೇಕರ ಅಜ್ಜ-ಅಜ್ಜಿಯರು ಇನ್ನೂ ಊರಿನಲ್ಲಿದ್ದಾರೆ. ರಜೆಗೆ ಹೋದಾಗ ಅಜ್ಜಿ ನಿಮ್ಮ ಮುಖವನ್ನು ತುಸು ಓರೆಯಾಗಿ ನೋಡುವುದನ್ನು ಗಮನಿಸಿದ್ದೀರಾ? ಪತ್ರಿಕೆ ಓದುವಾಗ ಸಾಲಿನ ನಡುವಿನ ಅಕ್ಷರಗಳೇ ಕಾಣುವುದಿಲ್ಲ ಎಂದು ಅಜ್ಜ ಗೊಣಗುವುದನ್ನು ಕೇಳಿದ್ದೀರಾ? "ವಯಸ್ಸಾಯಿತಲ್ಲ, ಪೊರೆ ಬಂದಿರಬೇಕು" ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಎಲ್ಲವೂ ಪೊರೆಯಲ್ಲ.

ಕಣ್ಣಿನ ಹಿಂಬದಿಯ ಅಕ್ಷಿಪಟಲದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಭಾಗವಿದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಇದರಿಂದಲೇ ಸಾಧ್ಯ. ವಯಸ್ಸಿನೊಂದಿಗೆ ಇದು ಕೆಡುವ ಕಾಯಿಲೆಯನ್ನು ವೈದ್ಯರು ಎ.ಎಂ.ಡಿ. ಎನ್ನುತ್ತಾರೆ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಇಲ್ಲಿ ಕಳೆದುಹೋದ ನೋಟ ಬಹುಮಟ್ಟಿಗೆ ಮರಳುವುದಿಲ್ಲ.

ಇದು ಮನೆತನದಲ್ಲಿ ಹರಿದು ಬರುವುದೂ ನಿಜ. 2005ರಲ್ಲಿ ಅಮೆರಿಕದ ಕೆಲವು ಸಂಶೋಧಕರ ತಂಡಗಳು ಒಂದನೆಯ ವರ್ಣತಂತುವಿನಲ್ಲಿರುವ 'ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್' ಎಂಬ ವಂಶವಾಹಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿದವು. ದೇಹದ ರಕ್ಷಣಾ ಪಡೆ ನಮ್ಮದೇ ಜೀವಕೋಶಗಳ ಮೇಲೆ ಬೀಳದಂತೆ ತಡೆಯುವ ಪ್ರೋಟೀನನ್ನು ಈ ವಂಶವಾಹಿ ತಯಾರಿಸುತ್ತದೆ. ಅದರ ಒಂದು ರೂಪಭೇದ ತಂದೆ-ತಾಯಿ ಇಬ್ಬರಿಂದಲೂ ಬಂದಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಹತ್ತನೆಯ ವರ್ಣತಂತುವಿನಲ್ಲೂ ಇಂಥದೊಂದು ಜಾಗವಿದೆ.

ಈಗ ಕೊಳವೆಯೊಳಗೆ ಉಗುಳಿ ಕಳಿಸಿದರೆ ಈ ವಿವರಗಳನ್ನು ತಿಳಿಸುವ ಕಂಪನಿಗಳಿವೆ. ಹಾಗಾದರೆ ಪರೀಕ್ಷೆ ಮಾಡಿಸಬೇಕೇ? ಅವಸರ ಬೇಡ. ಈ ರೂಪಭೇದವಿದ್ದೂ ಕೊನೆಯವರೆಗೆ ಚೆನ್ನಾಗಿ ಕಂಡವರು ಬಹಳ ಮಂದಿ. ಇಲ್ಲದೆಯೂ ಕಾಯಿಲೆಗೆ ತುತ್ತಾದವರುಂಟು. ವರದಿ ಹೇಳುವುದು ಸಂಭವವನ್ನು, ಹಣೆಬರಹವನ್ನಲ್ಲ. 'ಅಪಾಯ ಕಡಿಮೆ' ಎಂದು ಬಂದ ಕಾಗದ ನಂಬಿ ಕಣ್ಣಿನ ತಪಾಸಣೆ ಬಿಟ್ಟರೆ ಅದೇ ದೊಡ್ಡ ನಷ್ಟ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ 2012ರಲ್ಲಿ, ಎ.ಎಂ.ಡಿ.ಗಾಗಿ ವಾಡಿಕೆಯಾಗಿ ಇಂಥ ಪರೀಕ್ಷೆ ಬೇಡವೆಂದು ಸಲಹೆ ನೀಡಿತು. ಫಲಿತಾಂಶ ನೋಡಿ ಚಿಕಿತ್ಸೆ ಬದಲಿಸಿದರೆ ರೋಗಿಗೆ ಲಾಭವೆಂದು ಸಾಬೀತಾಗಿರಲಿಲ್ಲ ಎಂಬುದೇ ಕಾರಣ. ಒಂದೇ ವಂಶವಾಹಿಯ ದೋಷದಿಂದ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾದಂಥ ಕಾಯಿಲೆಗಳ ಮಾತು ಬೇರೆ. ಅಲ್ಲಿ ವೈದ್ಯರೇ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ನಿಮ್ಮ ಕೈಯಲ್ಲಿರುವುದು ಏನು? ಮೊದಲನೆಯದು, ಸಿಗರೇಟು ಮುಟ್ಟದಿರುವುದು. ನಾವು ಬದಲಿಸಬಹುದಾದ ಕಾರಣಗಳಲ್ಲಿ ಧೂಮಪಾನವೇ ಮುಖ್ಯ. ಎರಡನೆಯದು, ಮನೆಯ ಹಿರಿಯರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದು. ಔಷಧಿ ಹನಿ ಹಾಕಿ, ಪಾಪೆಯನ್ನು ಹಿಗ್ಗಿಸಿ ನೋಡಿದರೆ ಅಕ್ಷಿಪಟಲದ ಹಳದಿ ಚುಕ್ಕೆಗಳು ದೃಷ್ಟಿ ಕೆಡುವ ಮೊದಲೇ ಕಾಣುತ್ತವೆ. ಕಾಯಿಲೆ ಮಧ್ಯಮ ಹಂತದಲ್ಲಿರುವವರಿಗೆ ನಿರ್ದಿಷ್ಟ ವಿಟಮಿನ್ ಮತ್ತು ಸತುವಿನ ಮಾತ್ರೆಗಳು, ಅದು ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಸುಮಾರು ಶೇ. 25ರಷ್ಟು ತಗ್ಗಿಸುತ್ತವೆಂದು 2001ರಲ್ಲಿ ತಿಳಿಯಿತು. ಅದು ನಿಮ್ಮಂಥ ಆರೋಗ್ಯವಂತ ಯುವಕ-ಯುವತಿಯರಿಗಲ್ಲ. ಕಣ್ಣೊಳಗೆ ಹೊಸ ರಕ್ತನಾಳ ಬೆಳೆದು ಸೋರುವ ಬಗೆಯ ಕಾಯಿಲೆಗೆ ಕಣ್ಣೊಳಗೇ ಕೊಡುವ ಚುಚ್ಚುಮದ್ದುಗಳಿವೆ. ಅವು ಇರುವ ನೋಟವನ್ನು ಉಳಿಸಬಲ್ಲವು, ತಡವಾದಷ್ಟೂ ನಷ್ಟ.

ಆದ್ದರಿಂದ ಈ ಭಾನುವಾರ ಊರಿಗೆ ಫೋನ್ ಮಾಡಿ. ನಿಮ್ಮ ಕನ್ನಡ ತಡವರಿಸಿದರೂ ಚಿಂತೆಯಿಲ್ಲ. "ಅಜ್ಜಿ, ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡು. ನೆಟ್ಟಗಿದೆಯೋ, ನಡುವೆ ಡೊಂಕಾಗಿದೆಯೋ? ಈಗ ಇನ್ನೊಂದು ಕಣ್ಣು" ಎಂದು ಕೇಳಿ. ಡೊಂಕು ಎಂದರೆ, ಅಥವಾ ನಡುವೆ ಮಸುಕು ಎಂದರೆ, ದೀಪಾವಳಿ ರಜೆಯವರೆಗೆ ಕಾಯಬೇಡಿ. ಅದೇ ವಾರ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಚಿಕ್ಕಪ್ಪನಿಗೋ ಸೋದರಮಾವನಿಗೋ ಹೇಳಿ. ನೆಟ್ಟಗಿದೆ ಎಂದರೂ ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸಬೇಡಿ. ನಿಮ್ಮ ಮನೆತನದ ಕಣ್ಣಿನ ಚರಿತ್ರೆ ಅಲ್ಲಿಂದಲೇ ಶುರುವಾಗಲಿ.